ಮದ್ಯವೂ ಗರ್ಭಸ್ಥ ಶಿಶುವಿನ ಮೆದುಳೂ: ಒಂದು ವಿದ್ಯಾಪರಂಪರೆಯ ಇತಿಹಾಸ

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವೆಂದು ತಾರ್ಕಿಕರು ಹೇಳುವರು. ಆದರೆ ಕಂಡುದೆಲ್ಲವೂ ವಿದ್ಯೆಯಾಗಿ ನಿಲ್ಲುವುದಿಲ್ಲ. ಕಂಡವರ ಮಾತಿಗೆ ಕಿವಿಗೊಡುವ ಗುರುವೂ, ಅದನ್ನು ಪರೀಕ್ಷಿಸಿ ಮುಂದಕ್ಕೊಯ್ಯುವ ಶಿಷ್ಯನೂ ಇಲ್ಲದಿದ್ದರೆ, ಎಂತಹ ದಿಟವಾದ ದರ್ಶನವಾದರೂ ಕಂಡವರೊಡನೆಯೇ ಅಳಿದುಹೋಗುವುದು. ತಾಯಿಯ ಮದ್ಯಪಾನದಿಂದ ಗರ್ಭದಲ್ಲಿರುವ ಶಿಶುವಿನ ಮೆದುಳಿಗೆ ಕೇಡುಂಟಾಗುವುದೆಂಬ ಸಂಗತಿಯು ಪಾಶ್ಚಾತ್ಯ ದೇಶಗಳಲ್ಲಿ ಹಲವು ಬಾರಿ ಕಾಣಿಸಿಕೊಂಡು, ಮರೆಯಾಗಿ, ಕಟ್ಟಕಡೆಗೆ ನೆಲೆಗೊಂಡ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಲಂಡನ್ ನಗರದ ಬಡಬಗ್ಗರಲ್ಲಿ ಜಿನ್ ಎಂಬ ಅಗ್ಗದ ಮದ್ಯವು ಮಾರಿಯಂತೆ ಹಬ್ಬಿತು. 1726ರಲ್ಲಿ ಅಲ್ಲಿನ ವೈದ್ಯವಿದ್ಯಾಪೀಠದವರು ಪಾರ್ಲಿಮೆಂಟಿಗೆ ಬಿನ್ನವತ್ತಳೆಯನ್ನು ಒಪ್ಪಿಸಿ, ಈ ಪಾನವು ದುರ್ಬಲರೂ ರೋಗಿಷ್ಠರೂ ಆದ ಮಕ್ಕಳ ಜನನಕ್ಕೆ ಕಾರಣವಾಗುತ್ತಿದೆಯೆಂದು ಎಚ್ಚರಿಸಿದರು. 1751ರ ಶಾಸನದಿಂದ ಜಿನ್ನಿನ ಹಾವಳಿಯೇನೋ ತಗ್ಗಿತು. ವೈದ್ಯರ ಮಾತು ಮಾತ್ರ ಕಡತದಲ್ಲಿಯೇ ಉಳಿಯಿತು.

ತರುವಾಯ 1899ರಲ್ಲಿ ಲಿವರ್‌ಪೂಲ್ ಸೆರೆಮನೆಯ ವೈದ್ಯರಾದ ವಿಲಿಯಂ ಸಲಿವನ್ ಎಂಬವರು ಮದ್ಯವ್ಯಸನಿಗಳಾದ 120 ಮಂದಿ ಸ್ತ್ರೀಯರ ಚರಿತ್ರೆಯನ್ನು ವಿಚಾರಿಸಿದರು. ಅವರು ಹೆತ್ತ 600 ಮಕ್ಕಳಲ್ಲಿ 335 ಮಕ್ಕಳು ಎರಡು ವರ್ಷ ತುಂಬುವುದರೊಳಗೆ ಸತ್ತಿದ್ದವು, ಇಲ್ಲವೇ ಸತ್ತೇ ಹುಟ್ಟಿದ್ದವು. ಅದೇ ಕುಟುಂಬಗಳಲ್ಲಿ ಕುಡಿಯದಿದ್ದ ಸ್ತ್ರೀಯರ ಮಕ್ಕಳೊಡನೆ ಹೋಲಿಸಲಾಗಿ, ಅವರಲ್ಲಿ ಮರಣವು ಅದರ ಅರ್ಧಕ್ಕಿಂತಲೂ ಕಡಿಮೆಯಾಗಿದ್ದಿತು. ಬಸಿರಿನ ಕಾಲದಲ್ಲಿ ಸೆರೆಯಲ್ಲಿದ್ದು ಮದ್ಯವು ದೊರೆಯದೆ ಹೋದವಳ ಶಿಶುವು ಆರೋಗ್ಯವಾಗಿ ಹುಟ್ಟಿದುದನ್ನೂ ಸಲಿವನ್ನರು ಗಮನಿಸಿದರು. ಕೆಟ್ಟುದು ವಂಶವಲ್ಲ, ಕುಡಿತವೇ ಕೇಡಿಗೆ ಮೂಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಿಂಗವು ಬೇರೊಂದು ಬೇಕಿದ್ದಿತೇ? ಆದರೂ ಈ ಕಾರ್ಯವನ್ನು ಮುಂದುವರಿಸುವ ಶಿಷ್ಯವರ್ಗವು ಹುಟ್ಟಲಿಲ್ಲ.

ಹುಟ್ಟದಿರುವುದಕ್ಕೆ ಕಾರಣಗಳೂ ಇದ್ದವು. ಅಮೆರಿಕೆಯಲ್ಲಿ 1920ರಿಂದ 1933ರವರೆಗೆ ನಡೆದ ಪಾನನಿರೋಧವು ವಿಫಲವಾದ ಮೇಲೆ, ಮದ್ಯದ ದೋಷವನ್ನು ಹೇಳುವುದೆಲ್ಲವೂ ನೀತಿಬೋಧಕರ ಅತಿಶಯೋಕ್ತಿಯೆಂಬ ಭಾವನೆಯು ವಿದ್ವಾಂಸರಲ್ಲಿ ಬೇರೂರಿತು. 1942ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹ್ಯಾಗರ್ಡ್ ಮತ್ತು ಜೆಲಿನೆಕ್ ಎಂಬ ಪಂಡಿತರು ಇಂತಹ ಮಕ್ಕಳ ದುರ್ಬಲತೆಗೆ ಮದ್ಯವಲ್ಲ, ತಾಯಂದಿರ ಆಹಾರದ ಕೊರತೆಯೂ ಮನೆಯ ದುಃಸ್ಥಿತಿಯೂ ಕಾರಣವೆಂದು ಬರೆದರು. ಆಪ್ತವಾಕ್ಯದ ಮುಂದೆ ಪ್ರತ್ಯಕ್ಷವು ತಲೆತಗ್ಗಿಸಿತು.

1957ರಲ್ಲಿ ಪ್ಯಾರಿಸ್ ನಗರದಲ್ಲಿ ಜಾಕ್ಲೀನ್ ರೂಕೆತ್ ಎಂಬ ವೈದ್ಯವಿದ್ಯಾರ್ಥಿನಿಯು ಕುಡುಕ ತಂದೆತಾಯಿಗಳ 100 ಮಂದಿ ಮಕ್ಕಳ ದೇಹ ಮನಸ್ಸುಗಳ ಬೆಳವಣಿಗೆಯನ್ನು ಪರಿಶೀಲಿಸಿ ತನ್ನ ಪದವಿಪ್ರಬಂಧವನ್ನು ರಚಿಸಿದಳು. ಅದು ಅಚ್ಚಾಗಿ ಲೋಕದ ಕೈಸೇರಲಿಲ್ಲ. 1968ರಲ್ಲಿ ನಾಂತ್ ನಗರದ ಮಕ್ಕಳ ವೈದ್ಯರಾದ ಪಾಲ್ ಲೆಮ್ವಾನ್ ಮತ್ತು ಅವರ ಸಂಗಡಿಗರು 127 ಮಕ್ಕಳ ಲಕ್ಷಣಗಳನ್ನು ಪ್ರಾಂತೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದನ್ನೂ ಹೊರಗಿನವರು ಬಹುಮಟ್ಟಿಗೆ ಓದಲಿಲ್ಲ.

ಇದೇ ಸುಮಾರಿನಲ್ಲಿ ಅಮೆರಿಕೆಯ ಸಿಯಾಟಲ್ ನಗರದಲ್ಲಿ ಕ್ರಿಸ್ಟಿ ಉಲ್‌ಲ್ಯಾಂಡ್ ಎಂಬಾಕೆಯು ಮಕ್ಕಳ ವೈದ್ಯದಲ್ಲಿ ಇನ್ನೂ ಶಿಕ್ಷಣವನ್ನು ಪಡೆಯುತ್ತಿದ್ದಳು. ಎಷ್ಟು ಉಣಿಸಿದರೂ ಬೆಳೆಯದ ಕೆಲವು ಕೂಸುಗಳ ತಾಯಂದಿರು ಮದ್ಯವ್ಯಸನಿಗಳೆಂಬುದು ಆಕೆಯ ಕಣ್ಣಿಗೆ ಬಿದ್ದಿತು. ಈ ಸಾರಿ ವಿದ್ಯಾರ್ಥಿನಿಯ ಮಾತನ್ನು ಹಿರಿಯರು ತಳ್ಳಿಹಾಕಲಿಲ್ಲ. ಶಿಶುಗಳ ಅಂಗವೈಕಲ್ಯಗಳ ತಜ್ಞರಾದ ಡೇವಿಡ್ ಸ್ಮಿತ್, ಅವರ ಬಳಿ ತರಬೇತಿ ಪಡೆಯುತ್ತಿದ್ದ ಕೆನೆತ್ ಜೋನ್ಸ್, ಮನಶ್ಶಾಸ್ತ್ರಜ್ಞೆ ಆನ್ ಸ್ಟ್ರೈಸ್‌ಗುತ್ ಇವರೊಡನೆ ಆಕೆಯೂ ಸೇರಿ, ಪರಸ್ಪರ ಸಂಬಂಧವಿಲ್ಲದ, ಮೂರು ಜನಾಂಗಗಳಿಗೆ ಸೇರಿದ ಎಂಟು ಮಕ್ಕಳಲ್ಲಿ ಒಂದೇ ಬಗೆಯ ಮುಖಚರ್ಯೆಯನ್ನೂ ಕುಗ್ಗಿದ ಬೆಳವಣಿಗೆಯನ್ನೂ ಗುರುತಿಸಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಜೋನ್ಸ್ ಮತ್ತು ಸ್ಮಿತ್ ಈ ವ್ಯಾಧಿಗೆ ‘ಗರ್ಭಸ್ಥ ಶಿಶುವಿನ ಮದ್ಯವ್ಯಾಧಿಲಕ್ಷಣ’ ಎಂಬರ್ಥದ ಹೆಸರನ್ನಿಟ್ಟರು. ಮೃತಪಟ್ಟ ಒಂದು ಶಿಶುವಿನ ಮೆದುಳನ್ನು ಪರೀಕ್ಷಿಸಲಾಗಿ, ನರಕೋಶಗಳು ತಮ್ಮ ನೆಲೆಯನ್ನು ಸೇರದೆ ದಾರಿತಪ್ಪಿ ಎಲ್ಲೆಲ್ಲಿಯೋ ನಿಂತಿದ್ದವು.

ಈ ಬಾರಿಯ ದರ್ಶನವು ಅಳಿಯದೆ ಉಳಿದುದಕ್ಕೆ ವಿದ್ಯಾರ್ಥಿಗಳ ಪಡೆಯೇ ಮುಖ್ಯ ಕಾರಣ. ಮದ್ಯಪಾನದ ಸಂಶೋಧನೆಗಾಗಿ ಅಮೆರಿಕೆಯಲ್ಲಿ ಒಂದು ರಾಷ್ಟ್ರೀಯ ಸಂಸ್ಥೆಯನ್ನು ನಿರ್ಮಿಸುವ ಶಾಸನವು 1970ರಲ್ಲಿ ಆಯಿತು. ತರುಣ ಸಂಶೋಧಕರ ಶಿಕ್ಷಣಕ್ಕೆ ವೇತನಗಳನ್ನು ಏರ್ಪಡಿಸಿದ ಶಾಸನವು 1974ರಲ್ಲಿ ಬಂದಿತು. ಅಂತಹ ನೆರವಿನಿಂದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್‌ಟನ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಮದ್ಯ ಮತ್ತು ಮೆದುಳಿನ ಬೆಳವಣಿಗೆಯನ್ನು ಕುರಿತ ಶಿಕ್ಷಣಕ್ರಮಗಳು ನೆಲೆಗೊಂಡವು. ಅಲ್ಲಿ ವಿದ್ಯಾರ್ಥಿಯು ಕಲಿಯುವ ಮೊದಲ ಪಾಠಗಳಲ್ಲೊಂದು 1942ರ ಆಕ್ಷೇಪಕ್ಕೆ ಉತ್ತರವೇ ಆಗಿದೆ. ಮದ್ಯವನ್ನುಂಡ ಇಲಿಯು ಎಷ್ಟು ಆಹಾರವನ್ನು ತಿಂದಿತೋ ಅಷ್ಟನ್ನೇ ಮದ್ಯವಿಲ್ಲದ ಮತ್ತೊಂದು ಇಲಿಗೂ ತೂಗಿ ಕೊಡುವರು. ಎರಡನೆಯದರ ಮರಿಗಳು ನೆಟ್ಟಗಿದ್ದು ಮೊದಲನೆಯದರ ಮರಿಗಳು ಕೆಟ್ಟರೆ, ದೋಷವು ಹಸಿವಿನದಲ್ಲ, ಮದ್ಯದ್ದೇ ಎಂದು ಸಿದ್ಧವಾಗುವುದು. ಅನ್ವಯ ವ್ಯತಿರೇಕಗಳೆಂದು ನಮ್ಮ ತರ್ಕಶಾಸ್ತ್ರವು ಹೇಳುವುದೂ ಇದನ್ನೇ.

1981ರಲ್ಲಿ ಕ್ಯಾಥ್ಲೀನ್ ಸುಲಿಕ್ ಮತ್ತು ಸಂಗಡಿಗರು ಗರ್ಭದ ಏಳನೆಯ ದಿನ ಮದ್ಯವನ್ನು ಕೊಟ್ಟ ಇಲಿಗಳ ಭ್ರೂಣಗಳಲ್ಲಿ ಆ ಮಕ್ಕಳ ಮುಖಲಕ್ಷಣಗಳನ್ನೇ ಕಂಡರು. ಆ ದಿನವು ಮಾನವಗರ್ಭದ ಮೂರನೆಯ ವಾರಕ್ಕೆ ಸಮಾನವಾದುದು. ತಾನು ಗರ್ಭಿಣಿಯೆಂದು ಎಷ್ಟೋ ಸ್ತ್ರೀಯರಿಗೆ ಆಗ ತಿಳಿದೇ ಇರುವುದಿಲ್ಲ. ಆದುದರಿಂದ ಈ ವಿದ್ಯೆಯ ಫಲವು ತಾಯಂದಿರ ನಿಂದೆಯಲ್ಲ, ಸಮಯಕ್ಕೆ ದೊರೆಯುವ ಎಚ್ಚರಿಕೆ. ಅದೇ 1981ರಲ್ಲಿ ಅಮೆರಿಕೆಯ ಮುಖ್ಯ ವೈದ್ಯಾಧಿಕಾರಿಯು ಗರ್ಭಿಣಿಯರು ಮದ್ಯವನ್ನು ಸೇವಿಸಬಾರದೆಂದು ಸಲಹೆಯಿತ್ತನು. 1989ರಿಂದ ಸೀಸೆಗಳ ಮೇಲೆಯೂ ಆ ಎಚ್ಚರಿಕೆಯನ್ನು ಅಚ್ಚುಮಾಡಲಾಯಿತು.

ಸ್ಟ್ರೈಸ್‌ಗುತ್ ಅವರು 1974ರಲ್ಲಿ ಆರಂಭಿಸಿದ ಪರಿಶೀಲನೆಯು ಸುಮಾರು 500 ಮಕ್ಕಳನ್ನು ಹುಟ್ಟಿನಿಂದ ಇಪ್ಪತ್ತೈದನೆಯ ವಯಸ್ಸಿನವರೆಗೆ ಹಿಂಬಾಲಿಸಿತು. ಇಷ್ಟು ದೀರ್ಘವಾದ ಸತ್ರವನ್ನು ಒಬ್ಬರೇ ನಡೆಯಿಸಲಾರರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದೀಪವು ದಾಟಬೇಕು. ಸಲಿವನ್ನರು ಕಂಡುದಕ್ಕೂ ಸಿಯಾಟಲಿನವರು ಕಂಡುದಕ್ಕೂ ನಡುವೆ 74 ವರ್ಷಗಳು ಕಳೆದವು. ಆ ಅವಧಿಯಲ್ಲಿ ಹುಟ್ಟಿ, ಪಾಠಶಾಲೆಗಳಲ್ಲಿ ದಡ್ಡರೆಂದೂ ಹಠಮಾರಿಗಳೆಂದೂ ಏಟು ತಿಂದ ಇಂತಹ ಮಕ್ಕಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ವಿದ್ಯಾರ್ಥಿಯ ಕಣ್ಣು ಕಂಡುದನ್ನು ಗುರುವು ಕೇಳದಿದ್ದರೆ ತೆರಬೇಕಾದ ಬೆಲೆ ಅದು.