ಮಡಚುವ ಹಳೆಯ ಫೋನ್: ಇಟ್ಟುಕೊಳ್ಳುವುದೇ, ಬಿಡುವುದೇ?

ಕಾರ್ಯಕ್ರಮದ ಸುದ್ದಿ ತಮಗೆ ತಲುಪುವುದೇ ಇಲ್ಲ ಎಂದು ವಯನಾಡಿನ ನಮ್ಮ ಕೆಲವು ಹಿರಿಯ ಸದಸ್ಯರು ಬೇಸರಪಟ್ಟುಕೊಂಡರು. ವಿಚಾರಿಸಿದರೆ, ಅವರ ಬಳಿ ಇರುವುದು ಮಡಚುವ ಕೀಪ್ಯಾಡ್ ಫೋನ್. ಸುದ್ದಿಯೆಲ್ಲ ನಾವು ಹಾಕುವುದು ವಾಟ್ಸ್‌ಆ್ಯಪಿನಲ್ಲಿ. ತಪ್ಪು ಫೋನಿನದು ಮಾತ್ರವಲ್ಲ.

2009ರ ನೋಕಿಯಾ 2720 ಫೋಲ್ಡ್‌ನಂಥ ಫೋನುಗಳ ಗುಣ ಸಣ್ಣದಲ್ಲ. ಮುಚ್ಚಿದರೆ ಕರೆ ಮುಗಿಯಿತು. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ಯಾರಿಗೋ ಕರೆ ಹೋಗುವುದಿಲ್ಲ. ಕಣ್ಣು ಮಂಜಾದವರೂ 5ರ ಮೇಲಿನ ಉಬ್ಬು ಮುಟ್ಟಿ ನಂಬರ್ ಒತ್ತುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೂ ಚಾರ್ಜು ಬೇಗ ಇಳಿಯದು.

ಆದರೆ ಬಾವಲಿಯಂಥ ಗಡಿ ಊರಿನಲ್ಲಿ ಈ ಕೊನೆಯ ಮಾತು ಸುಳ್ಳಾಗಬಹುದು. ಸಿಗ್ನಲ್ ಕಮ್ಮಿಯಿದ್ದಲ್ಲಿ ಫೋನು ಹೆಚ್ಚು ಶಕ್ತಿ ಹಾಕಿ ಟವರ್ ಹುಡುಕುತ್ತದೆ, ಕೇರಳಕ್ಕೂ ಕರ್ನಾಟಕಕ್ಕೂ ಹಾರಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ‘ಮ್ಯಾನುಯಲ್’ ಮಾಡಿ ಒಂದನ್ನೇ ಹಿಡಿಸಬಹುದು. ಎಚ್.ಡಿ. ಕೋಟೆ ಕಡೆಗೆ ಹೊರಟಾಗ ಮತ್ತೆ ‘ಆಟೋಮ್ಯಾಟಿಕ್’ ಮಾಡಲು ಮರೆತರೆ ಮಾತ್ರ ಫೋನು ಮೂಕ!

ದೌರ್ಬಲ್ಯಗಳಲ್ಲಿ ಮೊದಲನೆಯದು ಕೀಲು. ಅದರೊಳಗೆ ಹಾಯ್ದ ತೆಳು ಪಟ್ಟಿ ಮಡಚಿ ಮಡಚಿ ಮುರಿದರೆ, ಫೋನು ರಿಂಗಾದರೂ ಪರದೆ ಕಪ್ಪು. ಎರಡನೆಯದು, ಇವು 2ಜಿ ಫೋನುಗಳು. 4ಜಿಯಿಂದಲೇ ಶುರುವಾದ ಜಿಯೋ ಸಿಮ್ ಇದರಲ್ಲಿ ನಡೆಯದು.

ನಮಗೆ ಹೆಚ್ಚು ನೋಯುವುದು ಮೂರನೆಯದು, ಕನ್ನಡ. ಕನ್ನಡ ಲಿಪಿ ಇಲ್ಲದ ಮಾದರಿಗಳಲ್ಲಿ ನಮ್ಮ ಎಸ್‌ಎಂಎಸ್ ಬರೀ ಚೌಕಗಳ ಸಾಲು. ಲಿಪಿ ಇದ್ದರೂ ಇಂಗ್ಲಿಷಿಗೆ 160 ಅಕ್ಷರ ಹಿಡಿಯುವ ಒಂದು ಎಸ್‌ಎಂಎಸ್ ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಒತ್ತು, ಗುಣಿತಗಳ ಲೆಕ್ಕ ಬೇರೆ: ‘ಕನ್ನಡ’ ಎಂದರೆ ನಮಗೆ ಮೂರಕ್ಷರ, ಫೋನಿಗೆ ಐದು.

ಹೊಸತು ಕೊಳ್ಳುವವರಿಗೆ 2022ರಲ್ಲಿ ಬಂದ ನೋಕಿಯಾ 2660 ಫ್ಲಿಪ್‌ನಂಥ 4ಜಿ ಮಡಚು ಫೋನುಗಳಿವೆ. ಅಂಗಡಿಯಲ್ಲೇ ಅದಕ್ಕೊಂದು ಕನ್ನಡ ಸಂದೇಶ ಕಳಿಸಿ, ಓದಿ ನೋಡಿ ಕೊಳ್ಳಿ. ಹಳೆಯದು ಸರಿಯಾಗಿದ್ದರೆ ಬಿಸಾಡಬೇಡಿ ಎಂದೇ ನಮ್ಮ ಸಲಹೆ. ಮಕ್ಕಳು ದೊಡ್ಡ ಫೋನು ಕೊಡಿಸಿದರೂ ಅದು ಕಪಾಟು ಸೇರಿದ್ದನ್ನು ನಾವು ಕಂಡಿದ್ದೇವೆ.

ಇನ್ನು ಮುಂದೆ ಇಂಥ ಸದಸ್ಯರಿಗೆ ಕಾರ್ಯಕ್ರಮದ ಹಿಂದಿನ ದಿನ ನಾವೇ ಕರೆ ಮಾಡುತ್ತೇವೆ. ಬತ್ತೇರಿಯಿಂದ ಗುಂಡ್ಲುಪೇಟೆಗೆ ಮರಳುವವರಿಗೆ ಹೊರಡುವ ಹೊತ್ತನ್ನೂ ಹೇಳುತ್ತೇವೆ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೇ. ಮನೆಯ ಹಿರಿಯರ ನಂಬರನ್ನು ‘ಕರೆ ಮಾತ್ರ’ ಎಂದು ಗುರುತು ಹಾಕಿ ನಮಗೆ ತಿಳಿಸಿ.