ಸೈಕಲ್ ಹಾದಿಗೆ ಹಣ ಕೊಟ್ಟವರು ಯಾರು?

ನೆದರ್‌ಲ್ಯಾಂಡ್ಸ್‌ಗೆ, ಅಂದರೆ ನಿಮ್ಮ ಪಠ್ಯಪುಸ್ತಕದ ಹಾಲೆಂಡಿಗೆ, ಹೋಗಿಬಂದ ನನ್ನ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಸೈಕಲ್ ಹಾದಿಗಳನ್ನು ಬಣ್ಣಿಸಿ, "ಸಾರ್, ಅದು ಅವರ ರಕ್ತದಲ್ಲೇ ಬಂದಿದೆ" ಎನ್ನುವುದುಂಟು. ಮೂರು ದಶಕ ಇತಿಹಾಸ ಬೋಧಿಸಿದವನಿಗೆ ಈ ಮಾತು ಸುಲಭವಾಗಿ ರುಚಿಸದು. ಮೋಟಾರು ವಾಹನಗಳಿಂದ ಬೇರ್ಪಡಿಸಿದ ಆ ಸುರಕ್ಷಿತ ಹಾದಿಗಳ ಹಿಂದೆ ಕಾಯ್ದೆಗಳು, ಆಯವ್ಯಯ ಪತ್ರಗಳು ಹಾಗೂ ಹೆತ್ತವರ ಕಣ್ಣೀರು ಇವೆ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

1924ರಲ್ಲಿ ಅಲ್ಲಿನ ಸರ್ಕಾರವು ಬೊಕ್ಕಸದ ಕೊರತೆಯನ್ನು ನೀಗಿಸಲು ಸೈಕಲ್ ತೆರಿಗೆಯನ್ನು ಜಾರಿಗೆ ತಂದಿತು. ಆಗ ಹಣಕಾಸು ಸಚಿವರಾಗಿದ್ದವರು ಕೊಲೈನ್. ವರ್ಷಕ್ಕೆ 3 ಗಿಲ್ಡರ್ ತೆತ್ತು, ಲೋಹದ ಬಿಲ್ಲೆಯೊಂದನ್ನು ಪಡೆದು ಸೈಕಲ್ಲಿಗೆ ಕಟ್ಟಿಕೊಳ್ಳಬೇಕಾಗಿತ್ತು. ತೆರಲಾರದ ಬಡವರಿಗೆ ಉಚಿತ ಬಿಲ್ಲೆಯೂ ಇತ್ತು. ಮುಂದೆ ಅದರ ನಡುವೆ ತೂತು ಕೊರೆಯಲಾಯಿತು. ಬಡತನವನ್ನು ಬೀದಿಯಲ್ಲಿ ಸಾರುವ ತೂತು ಅದು! 1926ರ ಕಾಯ್ದೆಯ ತರುವಾಯ ಈ ತೆರಿಗೆಯ ಹಣ ರಸ್ತೆ ನಿಧಿಗೆ ಹರಿಯತೊಡಗಿತು. ಆ ನಿಧಿಯಿಂದ ನಿರ್ಮಾಣವಾದ ಹೆದ್ದಾರಿಗಳ ಮುಖ್ಯ ಫಲಾನುಭವಿ ಮಾತ್ರ ಮೋಟಾರು ಕಾರು. ಕಾಸು ತೆತ್ತವನು ತುಳಿಯುವವನು, ಸುಖಪಟ್ಟವನು ಕಾರಿನೊಡೆಯ. 1941ರಲ್ಲಿ, ಜರ್ಮನರ ಆಕ್ರಮಣದ ಕಾಲದಲ್ಲಿ, ಈ ತೆರಿಗೆ ರದ್ದಾಯಿತು.

ಬಿಲ್ಲೆಯೆಂದೊಡನೆ ನಿಮ್ಮ ತಂದೆ-ತಾಯಿಯರಿಗೆ ನಮ್ಮ ಪುರಸಭೆಗಳ ಬಿಲ್ಲೆಯೂ ನೆನಪಾದೀತು. ಸೈಕಲ್ಲಿಗೆ ಪರವಾನಗಿ ಬಿಲ್ಲೆ ಇಲ್ಲದಿದ್ದರೆ, ಇರುಳಿನಲ್ಲಿ ದೀಪವಿಲ್ಲದಿದ್ದರೆ, ಇಬ್ಬರು ಕುಳಿತಿದ್ದರೆ ದಂಡ. ನನ್ನ ತಂದೆಯವರು ವರ್ಷ ವರ್ಷವೂ ಸರದಿಯಲ್ಲಿ ನಿಂತು ಬಿಲ್ಲೆ ತರುತ್ತಿದ್ದುದನ್ನು ನಾನು ಬಲ್ಲೆ. ಆ ಹಣದಿಂದ ಸೈಕಲ್ಲಿನವನಿಗೆಂದು ನಮ್ಮೂರಿನಲ್ಲಿ ಒಂದು ಮಾರು ಹಾದಿಯಾದುದನ್ನು ಮಾತ್ರ ಕಾಣೆ.

ಎರಡನೆಯ ಮಹಾಯುದ್ಧದ ಬಳಿಕ ನೆದರ್‌ಲ್ಯಾಂಡ್ಸ್‌ನಲ್ಲಿ ಸಂಪತ್ತು ಹೆಚ್ಚಿತು, ಕಾರುಗಳೂ ಹೆಚ್ಚಿದವು. ಸೈಕಲ್ ಹಳೆಯ ಕಾಲದ ವಸ್ತುವೆನಿಸಿತು. ಅದರ ಬೆಲೆ ಭೀಕರವಾಗಿತ್ತು. 1971ರ ಒಂದೇ ವರ್ಷದಲ್ಲಿ ಸುಮಾರು 3,300 ಜನ ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಹಾಗೆ ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತರು 1972ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಒಂದು ಚಳವಳಿಯ ಹೆಸರಾಯಿತು. ಕನ್ನಡದಲ್ಲಿ ಹೇಳುವುದಾದರೆ, 'ಮಕ್ಕಳ ಕೊಲೆ ನಿಲ್ಲಿಸಿ'. ತಂದೆ-ತಾಯಂದಿರು ಮಕ್ಕಳೊಡನೆ ಬೀದಿಗಿಳಿದರು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಯನ್ನು ತಡೆದಾಗ ಸರ್ಕಾರ ಭಾನುವಾರಗಳಂದು ಕಾರು ಸಂಚಾರವನ್ನೇ ನಿಲ್ಲಿಸಿತು. ಕಾರಿಲ್ಲದ ಬೀದಿ ಹೇಗಿರುತ್ತದೆಂಬುದನ್ನು ಜನ ಕಣ್ಣಾರೆ ಕಂಡರು.

ಕೂಗು ಕಾಮಗಾರಿಯಾಗಲು ಹಣ ಬೇಕಷ್ಟೆ. 1970ರ ದಶಕದ ಮಧ್ಯಭಾಗದಲ್ಲಿ ಕೇಂದ್ರ ಸರ್ಕಾರವು ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ಮಾದರಿ ಸೈಕಲ್ ಹಾದಿಗಳಿಗೆ ಹಣ ಒದಗಿಸಿತು. ವ್ಯಾಪಾರ ಕೆಟ್ಟೀತೆಂದು ಹೇಗ್‌ನ ಅಂಗಡಿಯವರು ಪ್ರತಿಭಟಿಸಿದರು. ಹಾದಿಗಳಾದವು, ಅವುಗಳ ಮೇಲೆ ಸವಾರರೂ ಹೆಚ್ಚಿದರು. ಆದರೆ ಅವರಲ್ಲಿ ಅನೇಕರು ಪಕ್ಕದ ಬೀದಿಗಳನ್ನು ಬಿಟ್ಟು ಇತ್ತ ಬಂದವರು. ಒಂದು ಒಳ್ಳೆಯ ಹಾದಿಯಿಂದ ಊರು ಬದಲಾಗದು ಎಂಬುದೇ ಆ ಖರ್ಚು ಕಲಿಸಿದ ಪಾಠ.

ಆ ಪಾಠ ಡೆಲ್ಫ್ಟ್ ನಗರಸಭೆಗೆ ದಾರಿದೀಪವಾಯಿತು. 1979ರಲ್ಲಿ ಅದು ಅಂಗೀಕರಿಸಿದ ಯೋಜನೆಯಲ್ಲಿ ಮೂರು ಜಾಲಗಳಿದ್ದವು: ನಗರವನ್ನು ದಾಟಲು ಸುಮಾರು 500 ಮೀಟರಿಗೊಂದು ಹಾದಿ, ಬಡಾವಣೆಗೆ 200-300 ಮೀಟರಿಗೊಂದು, ಓಣಿಗಳಲ್ಲಿ 100-150 ಮೀಟರಿಗೊಂದು. ಕೇಂದ್ರದ ನೆರವಿನೊಡನೆ 1980ರ ದಶಕದಲ್ಲಿ ಇದು ಕಾರ್ಯಗತವಾಯಿತು. ಊರೊಳಗಿನ ಸಂಚಾರದಲ್ಲಿ ಸೈಕಲ್ಲಿನ ಪಾಲು ನೂರಕ್ಕೆ 40ರಿಂದ 43ಕ್ಕೆ ಏರಿತು. ಏರಿಕೆ ಸಣ್ಣದೆನ್ನಬೇಡಿ, ಸೈಕಲ್ ಮೂಲೆಗೆ ಸರಿಯುತ್ತಿದ್ದ ದೇಶದಲ್ಲಿ ಅದು ಪ್ರವಾಹದ ಎದುರು ಈಜಿದಂತೆ.

ನಮ್ಮ ರಾಜ್ಯವೂ ಸೈಕಲ್ಲಿಗೆ ಹಣ ಕೊಡಲಿಲ್ಲವೆನ್ನಲಾಗದು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭವಾಯಿತು. ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯನ್ನು ಬಿಡದಂತೆ ಅದು ಕೈಹಿಡಿದುದಕ್ಕೆ ನಾನೇ ಸಾಕ್ಷಿ. ಆದರೆ ಶಾಲೆ ಬಿಟ್ಟ ಮೇಲೆ ಅದೇ ಮಕ್ಕಳು ಹೆದ್ದಾರಿಯ ಅಂಚಿನಲ್ಲಿ, ಮರಳು ಲಾರಿಗಳ ಪಕ್ಕದಲ್ಲಿ ಸಾಲಾಗಿ ಹೋಗುತ್ತಿದ್ದರು. ಅವರು ಮನೆ ಸೇರುವ ಹೊತ್ತು ಕಳೆಯುವವರೆಗೂ ನನ್ನ ಮನಸ್ಸಿಗೆ ನೆಮ್ಮದಿಯಿರುತ್ತಿರಲಿಲ್ಲ. ನಾವು ಸೈಕಲ್ ಕೊಟ್ಟೆವು, ಹಾದಿ ಕೊಡಲಿಲ್ಲ.

ನಿಮ್ಮಲ್ಲಿ ಕೆಲವರು ಇಂದು ಗ್ರಾಮ ಪಂಚಾಯಿತಿ, ಪುರಸಭೆಗಳ ಸದಸ್ಯರಾಗಿದ್ದೀರಿ, ಕೆಲವರು ಎಂಜಿನಿಯರುಗಳು. ಮುಂದಿನ ಆಯವ್ಯಯ ಸಭೆಯಲ್ಲಿ ರಸ್ತೆ ಅಗಲೀಕರಣದ ಬಾಬು ಬಂದಾಗ, ಶಾಲೆಯವರೆಗಾದರೂ ಒಂದು ಸುರಕ್ಷಿತ ಸೈಕಲ್ ಹಾದಿಗೆ ಅದರಲ್ಲಿ ಎಷ್ಟು ರೂಪಾಯಿ ಇದೆಯೆಂದು ಎದ್ದು ನಿಂತು ಕೇಳಿರಿ. ಡಚ್ಚರ ತಂದೆ-ತಾಯಂದಿರು ಮಕ್ಕಳನ್ನು ಮಣ್ಣುಮಾಡಿದ ಮೇಲೆ ಕೇಳಿದ ಪ್ರಶ್ನೆಯನ್ನು ನಾವು ಮೊದಲೇ ಕೇಳಬಹುದಲ್ಲವೇ?