ಹೆಡಕಿನ ನೋವು: ಬರೆಯಿಂದ ಸೂಜಿಮದ್ದಿನವರೆಗೆ

ಹೆಡಕಿನಿಂದ ನೆತ್ತಿಯತ್ತ ಮಿಂಚಿನಂತೆ ಹರಿಯುವ ನೋವಿಗೂ ಒಂದು ಇತಿಹಾಸವಿದೆ. ಸುಶ್ರುತ ಸಂಹಿತೆ ಹೇಳುವ ಹನ್ನೊಂದು ಶಿರೋರೋಗಗಳಲ್ಲಿ ‘ಅನಂತವಾತ’ವೂ ಒಂದು. ಅದು ಕತ್ತಿನ ಹಿಂಭಾಗದಲ್ಲಿ ತೊಡಗಿ ಕಣ್ಣು, ಹುಬ್ಬುಗಳಿಗೆ ಹಬ್ಬುತ್ತದೆ. ರಕ್ತ ತೆಗೆಯುವುದು ಅದರ ಚಿಕಿತ್ಸೆಗಳಲ್ಲೊಂದು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ದ ಮೂಲಕ ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತಂದನು. ಹಳ್ಳಿಗಳಲ್ಲಿ ನೋವಿಗೆ ಬರೆ ಹಾಕುವ ರೂಢಿಯೂ ಇತ್ತು. ಸುಟ್ಟ ಗಾಯ ಮಾಯಬಹುದು. ನರದ ನೋವಿನ ಮೂಲ ಮಾತ್ರ ಹಾಗೆಯೇ ಉಳಿಯುತ್ತದೆ.

1821ರಲ್ಲಿ ಬೆರೂಟೋ ಮತ್ತು ರಾಮೋಸ್ ಎಂಬ ವೈದ್ಯರು ಹಿಂದಲೆಯ ನರಶೂಲೆಯನ್ನು ವರ್ಣಿಸಿದರು. ಕತ್ತಿನ ಎರಡನೆಯ ನರದಿಂದ ಕವಲೊಡೆದು ಹಿಂದಲೆಗೆ ಏರುವ ನರವೇ ಇಲ್ಲಿ ಮುಖ್ಯ. 1884ರಲ್ಲಿ ಕಾರ್ಲ್ ಕೋಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ ಮೇಲೆ ಸ್ಥಳೀಯ ಅರಿವಳಿಕೆಯ ಯುಗ ಆರಂಭವಾಯಿತು. ಇಂದು ಆ ನರದ ಬಳಿ ಸೂಜಿಮದ್ದು ಕೊಟ್ಟಾಗ ನೋವು ಇಳಿದರೆ, ಅದು ಉಪಶಮನವೂ ಹೌದು, ರೋಗನಿರ್ಣಯಕ್ಕೆ ಆಧಾರವೂ ಹೌದು. ಬಿಸಿ ಶಾಖ, ಕತ್ತಿನ ವ್ಯಾಯಾಮ, ವೈದ್ಯರು ಬರೆದುಕೊಟ್ಟ ಗುಳಿಗೆಗಳೂ ನೆರವಾಗುತ್ತವೆ.

ಗಿಣಿಗೇರಾದವರಿಗೆ ಹತ್ತಿರದ ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ತಲೆನೋವಿನೊಡನೆ ಜ್ವರ, ಕತ್ತು ಸೆಟೆಯುವಿಕೆ ಅಥವಾ ಕೈಕಾಲುಗಳಲ್ಲಿ ಬಲಹೀನತೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೋವಿನ ಮೂಲ ಅರಿಯುವುದೇ ಮದ್ದಿನ ಮೊದಲ ಹೆಜ್ಜೆ.